ಸ್ಪಿಟ್‌ಫೈರ್ ಮಾದರಿಯ ಬಾಲದ ಬಳಿ ತಿಳಿಬಣ್ಣದ ಪಟ್ಟಿ: 1940ರ ಆಗಸ್ಟ್‌ನ ವಿಮಾನದಲ್ಲಿ ಇದು ಇರಲು ಸಾಧ್ಯವೇ?

ಕಿರುರೆಕ್ಕೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಸಂಗ್ರಹದಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನವಾದ ಸ್ಪಿಟ್‌ಫೈರ್‌ನ 1:72 ಅಳತೆಯ ಎರಡು ಡೈಕಾಸ್ಟ್ (ಕರಗಿಸಿದ ಲೋಹವನ್ನು ಅಚ್ಚಿಗೆ ತುಂಬಿ ಮಾಡಿದ) ಮಾದರಿಗಳಿವೆ. ತಯಾರಿಸಿದ ಸಂಸ್ಥೆಗಳು ಬೇರೆ ಬೇರೆಯಾದರೂ, ಎರಡರ ಜೊತೆ ಬಂದ ಪರಿಚಯಪತ್ರದಲ್ಲೂ ‘ಸ್ಪಿಟ್‌ಫೈರ್ ಮಾರ್ಕ್ 1, ಬ್ರಿಟನ್ ಕದನ, ಆಗಸ್ಟ್ 1940’ ಎಂದೇ ಅಚ್ಚಾಗಿದೆ, ಅಂದರೆ ಜರ್ಮನ್ ವಾಯುಪಡೆಯನ್ನು ಬ್ರಿಟನ್ನಿನ ಆಕಾಶದಲ್ಲಿ ತಡೆದ ಕದನದ ಕಾಲದ, ಸ್ಪಿಟ್‌ಫೈರ್‌ನ ಮೊದಲ ಆವೃತ್ತಿ. ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇವು ಒಂದೇ ತಿಂಗಳ ವಿಮಾನಗಳೆಂದು ನಂಬುವುದು ಕಷ್ಟವಾಗುತ್ತಿದೆ.

ಮೇಲ್ಭಾಗದ ಕಂದು ಮತ್ತು ಹಸಿರು ಬಣ್ಣದ ಮರೆಮಾಚುವಿಕೆ ಎರಡರಲ್ಲೂ ಒಂದೇ ರೀತಿಯಲ್ಲಿದೆ. ಆದರೆ ಒಂದರಲ್ಲಿ ಬಾಲದ ಅಡ್ಡರೆಕ್ಕೆಗಳ ಮುಂದೆ ಒಡಲನ್ನು ಸುತ್ತುವರಿದ ತಿಳಿಹಸಿರು ಪಟ್ಟಿಯೊಂದಿದೆ, ಮೂತಿಯ ತುದಿಯಲ್ಲಿ ಪ್ರೊಪೆಲ್ಲರ್‌ನ ನಡುವನ್ನು ಮುಚ್ಚುವ ಸ್ಪಿನ್ನರ್ ಕೂಡ ಅದೇ ಬಣ್ಣದಲ್ಲಿದೆ. ಇನ್ನೊಂದರಲ್ಲಿ ಪಟ್ಟಿಯಿಲ್ಲ, ಸ್ಪಿನ್ನರ್ ಕಪ್ಪಾಗಿದೆ. ಇದಲ್ಲದೆ ಪಟ್ಟಿಯಿರುವ ವಿಮಾನದ ತಳಭಾಗ ತಿಳಿಹಸಿರಾಗಿದ್ದರೆ, ಪಟ್ಟಿಯಿಲ್ಲದ್ದರ ತಳಭಾಗ ಸ್ವಲ್ಪ ನೀಲಿಗೆ ತಿರುಗಿದಂತೆ ಕಾಣುತ್ತದೆ. ಇಂದಿಗೂ ಹಾರುತ್ತಿರುವ ಸ್ಪಿಟ್‌ಫೈರ್‌ಗಳ ಛಾಯಾಚಿತ್ರಗಳನ್ನು ಹುಡುಕಿ ನೋಡಿದೆ. ಅವುಗಳಲ್ಲಿ ಕೆಲವಕ್ಕೆ ಪಟ್ಟಿಯಿದೆ, ಕೆಲವಕ್ಕೆ ಇಲ್ಲ, ಹಾಗಾಗಿ ನನ್ನ ಗೊಂದಲ ಹೆಚ್ಚಾಯಿತೇ ಹೊರತು ಪರಿಹಾರವಾಗಲಿಲ್ಲ.

ಇವೆರಡರಲ್ಲಿ ಯಾವುದು ಸರಿ? ಪಟ್ಟಿ ತಪ್ಪೆಂದಾದರೆ ಅದನ್ನು ಥಿನ್ನರ್ ಬಳಸಿ ಅಳಿಸಬಹುದೇ? ಮಾದರಿಯನ್ನು ಹಿಂದಿರುಗಿಸುವ ಉದ್ದೇಶ ನನಗಿಲ್ಲ. ಗಾಜಿನ ಕಪಾಟಿನಲ್ಲಿ ಪ್ರತಿಯೊಂದು ವಿಮಾನದ ಮುಂದೆಯೂ ಅದರ ಚರಿತ್ರೆಯನ್ನು ನಾಲ್ಕು ಸಾಲಿನಲ್ಲಿ ಬರೆದಿಡುವ ಅಭ್ಯಾಸ ನನ್ನದು, ಅಲ್ಲಿ ಸುಳ್ಳು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಹಳೆಯ ಹ್ಯಾಂಗರ್ ಉತ್ತರಿಸಿದ್ದು:

ಬಹಳ ಒಳ್ಳೆಯ ಪ್ರಶ್ನೆ. ‘ಯಾವುದು ಸರಿ’ ಎಂಬುದನ್ನು ‘ಯಾವ ದಿನಕ್ಕೆ ಸರಿ’ ಎಂದು ಬದಲಿಸಿಕೊಂಡರೆ ಉತ್ತರ ಸುಲಭವಾಗಿ ಸಿಗುತ್ತದೆ. ‘ಸ್ಪಿಟ್‌ಫೈರ್ ಹೇಗಿತ್ತು’ ಎಂದು ಕೇಳಿದರೆ ಯಾರೂ ಉತ್ತರಿಸಲಾರರು. ಒಂದು ನಿರ್ದಿಷ್ಟ ವಿಮಾನ ಒಂದು ನಿರ್ದಿಷ್ಟ ವಾರದಲ್ಲಿ ಹೇಗಿತ್ತು ಎಂಬುದನ್ನು ಮಾತ್ರ ಹೇಳಬಹುದು, ಡೈಕಾಸ್ಟ್ ಮಾದರಿಯೂ ಅಂತಹ ಒಂದು ವಾರದ ಚಿತ್ರವೇ. ಅದೃಷ್ಟವಶಾತ್ 1940ರಲ್ಲಿ ಬ್ರಿಟನ್ನಿನ ವಾಯುಪಡೆಯಾದ ರಾಯಲ್ ಏರ್‌ಫೋರ್ಸ್ ತನ್ನ ಯುದ್ಧವಿಮಾನಗಳ ಬಣ್ಣ ಮತ್ತು ಗುರುತುಗಳನ್ನು ಎಷ್ಟು ಬಾರಿ ಬದಲಿಸಿತೆಂದರೆ, ಅವುಗಳನ್ನೇ ಪಂಚಾಂಗದಂತೆ ಓದಲು ಸಾಧ್ಯವಿದೆ.

ಯುದ್ಧದ ಆರಂಭದಲ್ಲಿ ಸ್ಪಿಟ್‌ಫೈರ್‌ನ ತಳಭಾಗ ನಡುವಿನಲ್ಲಿ ಸೀಳಿದಂತೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇರುತ್ತಿತ್ತು. ನೆಲದ ಮೇಲಿನ ವೀಕ್ಷಕರು ಮತ್ತು ತೋಪಿನವರು ತಮ್ಮದೇ ವಿಮಾನವನ್ನು ಗುರುತಿಸಲಿ ಎಂಬುದು ಇದರ ಉದ್ದೇಶವಾಗಿತ್ತು. 1940ರ ಮೇ ತಿಂಗಳಲ್ಲಿ ಒಡಲಿನ ಮೇಲೆ ದೇಶವನ್ನು ಸೂಚಿಸುವ ವೃತ್ತಚಿಹ್ನೆಗೆ ಹಳದಿ ಬಳೆ ಸೇರಿತು, ಬಾಲದ ಲಂಬರೆಕ್ಕೆಯ ಮೇಲೆ ಕೆಂಪು, ಬಿಳಿ, ನೀಲಿ ಪಟ್ಟೆಗಳು ಬಂದವು. ಜೂನ್‌ನಲ್ಲಿ ಕಪ್ಪುಬಿಳುಪಿನ ತಳವನ್ನು ಬಿಟ್ಟು ‘ಸ್ಕೈ’ ಎಂಬ ತಿಳಿಹಸಿರು ಛಾಯೆಯನ್ನು ಬಳಿಯುವಂತೆ ಆದೇಶವಾಯಿತು. ರೆಕ್ಕೆಯ ತಳದಿಂದ ಮಾಯವಾಗಿದ್ದ ವೃತ್ತಚಿಹ್ನೆಗಳು ಆಗಸ್ಟ್‌ನಲ್ಲಿ ಮರಳಿ ಬಂದವು. ನೀವು ಕೇಳಿದ ಬಾಲದ ಪಟ್ಟಿ ಮತ್ತು ಅದೇ ಬಣ್ಣದ ಸ್ಪಿನ್ನರ್ ಬಳಕೆಗೆ ಬಂದದ್ದು 1940ರ ನವೆಂಬರ್ ಕೊನೆಯ ವಾರದಲ್ಲಿ. ಬ್ರಿಟನ್ ಕದನಕ್ಕೆ ಅಧಿಕೃತವಾಗಿ ಕೊಡುವ ಅವಧಿ ಜುಲೈ 10ರಿಂದ ಅಕ್ಟೋಬರ್ 31ರವರೆಗೆ. ಆದ್ದರಿಂದ ಪಟ್ಟಿಯಿರುವ ಸ್ಪಿಟ್‌ಫೈರ್ ಆಗಸ್ಟ್‌ನದ್ದಾಗಿರಲು ಸಾಧ್ಯವಿಲ್ಲ, ಆ ರೂಪದಲ್ಲಿ ಅದು ಬ್ರಿಟನ್ ಕದನವನ್ನೇ ಕಂಡಿಲ್ಲ.

ಎರಡನೆಯ ಮಾದರಿಯ ನೀಲಿಛಾಯೆಯನ್ನು ತಪ್ಪೆಂದು ತಳ್ಳಿಹಾಕಬೇಡಿ. ಜೂನ್‌ನಲ್ಲಿ ಆದೇಶವೇನೋ ಬಂದಿತು, ಆದರೆ ಬಣ್ಣ ಎಲ್ಲ ನೆಲೆಗಳಿಗೂ ಸಾಕಾಗುವಷ್ಟು ಇರಲಿಲ್ಲ, ‘ಸ್ಕೈ’ ಎಂದರೆ ನಿಖರವಾಗಿ ಯಾವ ಛಾಯೆ ಎಂಬುದರಲ್ಲೂ ಗೊಂದಲವಿತ್ತು. ಕೈಗೆ ಸಿಕ್ಕ ಬಣ್ಣಗಳನ್ನು ಬೆರೆಸಿ ಬಳಿದ ತುಕಡಿಗಳಿದ್ದವು, ಅವುಗಳಲ್ಲಿ ಕೆಲವು ಬಾತುಕೋಳಿ ಮೊಟ್ಟೆಯ ನೀಲಿಗೆ ಹತ್ತಿರವಾಗಿದ್ದವು. ಹೀಗಾಗಿ ಆ ಬೇಸಿಗೆಯಲ್ಲಿ ನೀಲಿತಳದ ಸ್ಪಿಟ್‌ಫೈರ್ ಹಾರಿದ್ದರೆ ಆಶ್ಚರ್ಯವೇನೂ ಇಲ್ಲ. ಆ ಮಾದರಿಯ ರೆಕ್ಕೆಯ ಮುಂಚೂಣಿಯಲ್ಲಿ ಬಂದೂಕಿನ ರಂಧ್ರಗಳ ಮೇಲೆ ಕೆಂಪು ಚೌಕಗಳಿವೆಯೇ ನೋಡಿ. ಎಂಟು ಬ್ರೌನಿಂಗ್ ಮೆಷಿನ್‌ಗನ್‌ಗಳು ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟದಿರಲೆಂದು ಅಂಟಿಸುತ್ತಿದ್ದ ಬಟ್ಟೆಯ ತುಂಡುಗಳವು. ಮೊದಲ ಗುಂಡು ಅವುಗಳನ್ನು ಹರಿದುಕೊಂಡು ಹೋಗುತ್ತಿತ್ತು, ಆದ್ದರಿಂದ ನೆಲಕ್ಕೆ ಮರಳಿದ ವಿಮಾನದಲ್ಲಿ ಬಟ್ಟೆ ಹರಿದು ಹಿಂದೆ ಮಸಿ ಹರಡಿದ್ದರೆ ಬಂದೂಕು ಹಾರಿದೆಯೆಂದು ನೆಲದ ಸಿಬ್ಬಂದಿಗೆ ದೂರದಿಂದಲೇ ತಿಳಿಯುತ್ತಿತ್ತು. ಇಷ್ಟು ಸಣ್ಣ ವಿವರವನ್ನೂ ತೋರಿಸಿದ ಮಾದರಿಯನ್ನು ಕಂಡಾಗ ನನಗೆ ತಯಾರಕರ ಮೇಲೆ ಗೌರವ ಮೂಡುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆದೇಶ ಬಂದ ದಿನವೇ ಎಲ್ಲ ವಿಮಾನಗಳ ಬಣ್ಣ ಬದಲಾಗುತ್ತಿರಲಿಲ್ಲ. ಹೊಸ ಗುರುತು ಆದೇಶಕ್ಕಿಂತ ಮೊದಲು ಕಾಣಿಸಿಕೊಳ್ಳುವುದು ಅಪರೂಪ, ಹಳೆಯ ಗುರುತು ಆದೇಶದ ನಂತರವೂ ಕೆಲವು ವಾರ ಉಳಿಯುವುದು ಸಹಜ. ಹಾಗಾಗಿ ಹೊಸ ಗುರುತಿನ ಇರುವಿಕೆಯೇ ಗಟ್ಟಿ ಸಾಕ್ಷಿ, ಹಳೆಯದರ ಇರುವಿಕೆ ಅಷ್ಟು ಗಟ್ಟಿಯಲ್ಲ.

ಪಟ್ಟಿಯಿರುವ ಮಾದರಿಯ ನಿಜವಾದ ಕಾಲವನ್ನು ತಿಳಿಯಲು ನನಗೆ ಮೂರು ಸಂಗತಿಗಳು ಬೇಕು. ಎಡರೆಕ್ಕೆಯ ತಳ ಕಪ್ಪಾಗಿದೆಯೇ? ಮೂತಿಯ ಬಲಬದಿಯಲ್ಲಿ, ಸ್ಪಿನ್ನರ್‌ನ ಹಿಂದೆಯೇ, ಸಣ್ಣ ಉಬ್ಬೊಂದು ಇದೆಯೇ? ಒಡಲಿನ ಹಿಂಭಾಗದ ಸರಣಿ ಸಂಖ್ಯೆ ಏನು?

ಅಚ್ಚುಮನೆ ಉತ್ತರಿಸಿದ್ದು:

ಗುರುತುಗಳ ಚರಿತ್ರೆಯನ್ನು ಮೇಲಿನವರು ವಿವರಿಸಿದ್ದಾರೆ. ಇಂತಹ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ತಯಾರಿಕೆಯ ಕಡೆಯಿಂದ ನೋಡುವುದೂ ಉಪಯುಕ್ತ.

ಡೈಕಾಸ್ಟ್ ಮಾದರಿಯಲ್ಲಿ ಅತಿ ದುಬಾರಿಯಾದದ್ದು ಉಕ್ಕಿನ ಅಚ್ಚು. ಸುಮಾರು ಶೇಕಡಾ 4ರಷ್ಟು ಅಲ್ಯೂಮಿನಿಯಂ ಬೆರೆತ ಸತುವಿನ ಮಿಶ್ರಲೋಹವನ್ನು ಕರಗಿಸಿ ಒತ್ತಡದಿಂದ ಅದರೊಳಗೆ ತುಂಬಿಸುತ್ತಾರೆ. ಲೋಹ ತೀರಾ ತೆಳುವಾಗಿ ಹರಿಯಲಾರದು ಮತ್ತು ತಣ್ಣಗಾದ ಭಾಗ ಅಚ್ಚಿನಿಂದ ಸಲೀಸಾಗಿ ಹೊರಬರಬೇಕು, ಹಾಗಾಗಿ ರೆಕ್ಕೆಯ ಹಿಂಬದಿಯ ಅಂಚು ಪ್ಲಾಸ್ಟಿಕ್ ಕಿಟ್‌ಗಳಲ್ಲಿರುವಷ್ಟು ಚೂಪಾಗಿರುವುದಿಲ್ಲ. ಆಂಟೆನಾ ಕಂಬ, ಪ್ರೊಪೆಲ್ಲರ್ ಮುಂತಾದವುಗಳನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ ಸೇರಿಸುವುದೂ ಇದೇ ಕಾರಣಕ್ಕೆ. ತಗಡುಗಳ ನಡುವಿನ ಗೆರೆಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು: 1:72ರಲ್ಲಿ 0.3 ಮಿಲಿಮೀಟರ್ ಅಗಲದ ಗೆರೆಯೆಂದರೆ ನಿಜವಾದ ವಿಮಾನದಲ್ಲಿ ಎರಡು ಸೆಂಟಿಮೀಟರ್‌ಗೂ ಮೀರಿದ ಬಿರುಕು. ಅಂತಹ ಬಿರುಕಿನೊಡನೆ ಯಾವ ಸ್ಪಿಟ್‌ಫೈರ್ ಕೂಡ ಕಾರ್ಖಾನೆಯಿಂದ ಹೊರಬಿದ್ದಿರಲಿಲ್ಲ.

ಅಚ್ಚಿನ ಖರ್ಚು ಹುಟ್ಟಬೇಕಾದರೆ ಒಂದೇ ಅಚ್ಚಿನಿಂದ ವರ್ಷಗಟ್ಟಲೆ ಬೇರೆ ಬೇರೆ ಬಣ್ಣದ ಆವೃತ್ತಿಗಳನ್ನು ಹೊರತರಬೇಕಾಗುತ್ತದೆ. ಗುರುತುಗಳನ್ನು ಸಿಲಿಕೋನ್ ಪ್ಯಾಡ್‌ನಿಂದ ಒತ್ತುತ್ತಾರೆ. ಕೊರೆದ ತಗಡಿನಲ್ಲಿ ನಿಂತ ಶಾಯಿಯನ್ನು ಮೆತ್ತನೆಯ ಪ್ಯಾಡ್ ಎತ್ತಿಕೊಂಡು ಬಾಗಿದ ಮೇಲ್ಮೈಯ ಮೇಲೆ ಇಳಿಸುವುದರಿಂದ, ಒಂದು ಮಿಲಿಮೀಟರ್ ಎತ್ತರದ ಅಂಕಿಯೂ ಸ್ಪಷ್ಟವಾಗಿ ಮೂಡುತ್ತದೆ. ಬಣ್ಣ ಮತ್ತು ಅಕ್ಷರಗಳನ್ನು ಹೀಗೆ ಸುಲಭವಾಗಿ ಬದಲಿಸಬಹುದು, ಲೋಹದ ಆಕಾರವನ್ನು ಮಾತ್ರ ಬದಲಿಸಲಾಗದು. ಆದ್ದರಿಂದ ಬಣ್ಣ ಒಂದು ಕಥೆಯನ್ನೂ ಆಕಾರ ಇನ್ನೊಂದು ಕಥೆಯನ್ನೂ ಹೇಳುವ ಮಾದರಿಗಳು ನಮ್ಮೆಲ್ಲರ ಕಪಾಟಿನಲ್ಲಿಯೂ ಇರುತ್ತವೆ. ಹಳೆಯ ಹ್ಯಾಂಗರ್ ಅವರು ಕೇಳಿದ ಮೂತಿಯ ಉಬ್ಬು ಇದಕ್ಕೆ ಸರಿಯಾದ ಪರೀಕ್ಷೆ. ಮಾರ್ಕ್ 2ರಲ್ಲಿದ್ದ ಮರ್ಲಿನ್ 12 ಎಂಜಿನ್ ಕಾಫ್‌ಮನ್ ಸ್ಟಾರ್ಟರ್‌ನಿಂದ, ಅಂದರೆ ತೋಟಾ ಸಿಡಿಸಿ, ಚಾಲೂ ಆಗುತ್ತಿತ್ತು, ಆ ಸಾಧನಕ್ಕಾಗಿಯೇ ಹೊದಿಕೆಯ ಬಲಬದಿಯಲ್ಲಿ ಸಣ್ಣ ಉಬ್ಬನ್ನು ಕೊಡಲಾಗಿತ್ತು. ಮಾರ್ಕ್ 1ರಲ್ಲಿ ಅದು ಇರಲಿಲ್ಲ. ಹೊರನೋಟಕ್ಕೆ ಇವೆರಡನ್ನು ಬೇರ್ಪಡಿಸುವ ಗುರುತು ಇದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ.

ಹಾರುತ್ತಿರುವ ವಿಮಾನಗಳ ಚಿತ್ರಗಳನ್ನು ಸಾಕ್ಷಿಯಾಗಿ ಬಳಸುವುದರ ಬಗ್ಗೆಯೂ ಹೇಳಬೇಕು. ಬ್ರಿಟನ್ ಕದನದಲ್ಲಿ ಭಾಗವಹಿಸಿ ಇಂದಿಗೂ ಹಾರುತ್ತಿರುವ ಮಾರ್ಕ್ 2 ಸ್ಪಿಟ್‌ಫೈರ್ ಒಂದಿದೆ, ಅದರ ಸಂಖ್ಯೆ ಪಿ7350. ರಾಯಲ್ ಏರ್‌ಫೋರ್ಸ್‌ನ ಸ್ಮಾರಕ ತುಕಡಿ ಅದನ್ನು ನೋಡಿಕೊಳ್ಳುತ್ತಿದ್ದು, ಬೇರೆ ಬೇರೆ ಸ್ಕ್ವಾಡ್ರನ್‌ಗಳನ್ನು ಗೌರವಿಸಲು ಕೆಲವು ವರ್ಷಗಳಿಗೊಮ್ಮೆ ಅದರ ಬಣ್ಣ ಮತ್ತು ಅಕ್ಷರಗಳನ್ನು ಬದಲಿಸುತ್ತದೆ. ವಿಮಾನ ಅಪ್ಪಟ, ಆದರೆ ಅದರ ಮೈಮೇಲಿನ ಬಣ್ಣ ಸ್ಮರಣೆಗಾಗಿ ಬಳಿದದ್ದು. ಅದರ ಇಂದಿನ ವರ್ಣಚಿತ್ರವೊಂದನ್ನು ನೋಡಿ 1940ರ ವಿಮಾನ ಹೀಗಿತ್ತು ಎಂದು ನಿರ್ಧರಿಸಿದರೆ, ನಾವು ಓದುತ್ತಿರುವುದು ಆ ವರ್ಷ ಯಾರನ್ನು ನೆನೆಯಲಾಯಿತು ಎಂಬುದನ್ನು ಮಾತ್ರ.

ಐದು ಪಟ್ಟೆ ಉತ್ತರಿಸಿದ್ದು:

ಥಿನ್ನರ್ ವಿಷಯಕ್ಕೆ ಮೊದಲು ಬರುತ್ತೇನೆ: ದಯವಿಟ್ಟು ಮುಟ್ಟಿಸಬೇಡಿ. ಪ್ಯಾಡ್‌ನಿಂದ ಒತ್ತಿದ ಶಾಯಿಯನ್ನು ಕರಗಿಸಬಲ್ಲ ದ್ರಾವಣ ಅದರ ಕೆಳಗಿನ ಬಣ್ಣವನ್ನೂ ಕರಗಿಸುತ್ತದೆ, ಕೊನೆಗೆ ನಿಮ್ಮ ಕೈಯಲ್ಲಿ ಉಳಿಯುವುದು ಯಾವ ತಿಂಗಳಿಗೂ ಸೇರದ ವಿಮಾನ. ಹಲವು ವರ್ಷಗಳ ಹಿಂದೆ ಒಂದು ಮಸ್ಟ್ಯಾಂಗ್ ಯುದ್ಧವಿಮಾನದ ಮಾದರಿಯ ಮೇಲೆ ನಾನೇ ಹೀಗೆ ಮಾಡಿ, ಬರಿಯ ಸತುವು ಕಾಣಿಸಿದಾಗ ತುಂಬಾ ನೊಂದುಕೊಂಡೆ. ಪಟ್ಟಿ ಇರುವಂತೆಯೇ ಇರಲಿ, ಬರಹವನ್ನು ತಿದ್ದಿ.

ಗುರುತಿನಿಂದ ಕಾಲವನ್ನು ಹಿಡಿಯುವ ಈ ವಿಧಾನ ಸ್ಪಿಟ್‌ಫೈರ್‌ಗೆ ಮಾತ್ರ ಸೀಮಿತವಲ್ಲ. ಅಮೆರಿಕದ ವಿಮಾನಗಳಲ್ಲಿ ಬಿಳಿ ನಕ್ಷತ್ರದ ನಡುವೆ ಕೆಂಪು ಬೊಟ್ಟಿದ್ದರೆ ಅದು 1942ರ ಮೇ ತಿಂಗಳಿಗಿಂತ ಹಿಂದಿನದು. ಜಪಾನಿನ ಕೆಂಪು ಸೂರ್ಯನೊಂದಿಗೆ ಗೊಂದಲವಾಗುತ್ತದೆಂದು ಆಗ ಬೊಟ್ಟನ್ನು ತೆಗೆದುಹಾಕಲಾಯಿತು. ಹೀಗಾಗಿ ಆ ವರ್ಷದ ಜೂನ್‌ನಲ್ಲಿ ನಡೆದ ಮಿಡ್‌ವೇ ಕದನದ ವೈಲ್ಡ್‌ಕ್ಯಾಟ್ ಯುದ್ಧವಿಮಾನ ಎಂದು ಮಾರುವ ಮಾದರಿಯಲ್ಲಿ ಕೆಂಪು ಬೊಟ್ಟು ಕಂಡರೆ ಪ್ರಶ್ನಿಸಲೇಬೇಕು. ನಕ್ಷತ್ರದ ಎರಡೂ ಬದಿಗೆ ಬಿಳಿ ಆಯತಗಳು ಸೇರಿದ್ದು 1943ರ ಜೂನ್ ಕೊನೆಯಲ್ಲಿ, ಆಗ ಇಡೀ ಚಿಹ್ನೆಗೆ ಕೆಂಪು ಅಂಚಿತ್ತು. ಕೆಲವೇ ವಾರಗಳಲ್ಲಿ ಅದೇ ಹಳೆಯ ಗೊಂದಲದ ಭಯದಿಂದ ಆ ಅಂಚನ್ನು ನೀಲಿಗೆ ಬದಲಿಸಿದರು. ಕೆಂಪು ಅಂಚಿನ ಮಾದರಿ ಸಿಕ್ಕರೆ ಅದು 1943ರ ಆ ಒಂದು ಬೇಸಿಗೆಯದ್ದೆಂದು ಧೈರ್ಯವಾಗಿ ಬರೆಯಬಹುದು.

ನಾನು ಇಟ್ಟುಕೊಂಡ ಹೆಸರಿಗೆ ಕಾರಣವಾದ ನಾರ್ಮಂಡಿ ಪಟ್ಟೆಗಳು ಇನ್ನೂ ನಿಖರ. 1944ರ ಜೂನ್ 6ರ ಆಕ್ರಮಣಕ್ಕಾಗಿ ಮಿತ್ರರಾಷ್ಟ್ರಗಳ ವಿಮಾನಗಳಿಗೆ ಮೂರು ಬಿಳಿ ಮತ್ತು ಎರಡು ಕಪ್ಪು ಪಟ್ಟೆಗಳನ್ನು ಬಳಿಯಲಾಯಿತು. ಒಂದೇ ಎಂಜಿನ್ನಿನ ವಿಮಾನಗಳಲ್ಲಿ ಪ್ರತಿ ಪಟ್ಟೆಯ ಅಗಲ 18 ಅಂಗುಲ. ಗುಟ್ಟು ಹೊರಬೀಳದಿರಲೆಂದು ಕೊನೆಯ ಕೆಲವೇ ದಿನಗಳಲ್ಲಿ ಈ ಕೆಲಸ ಮಾಡಿಸಿದ್ದರಿಂದ, ನೆಲದ ಸಿಬ್ಬಂದಿ ಸಿಕ್ಕಸಿಕ್ಕ ಕುಂಚಗಳಿಂದ ರಾತ್ರಿಯಿಡೀ ಬಳಿದರು. ಆ ದಿನಗಳ ಛಾಯಾಚಿತ್ರಗಳಲ್ಲಿ ಅಂಚು ಡೊಂಕಾಗಿ, ಬಣ್ಣ ಸೋರಿರುವುದನ್ನು ಕಾಣಬಹುದು. ಮಾದರಿಗಳಲ್ಲಾದರೋ ಪಟ್ಟೆಗಳು ಗೆರೆ ಕೊರೆದಂತೆ ನೇರವಾಗಿರುತ್ತವೆ. ಸುಮಾರು ಒಂದು ತಿಂಗಳ ನಂತರ ಮೇಲ್ಭಾಗದ ಪಟ್ಟೆಗಳನ್ನು ಅಳಿಸಲು ತೊಡಗಿದರು, ಏಕೆಂದರೆ ಫ್ರಾನ್ಸಿನ ಮುಂಚೂಣಿ ನೆಲೆಗಳಲ್ಲಿ ನಿಂತ ವಿಮಾನಗಳು ಮೇಲಿನಿಂದ ಶತ್ರುವಿಗೆ ಎದ್ದು ಕಾಣುತ್ತಿದ್ದವು.

ಕಿರುರೆಕ್ಕೆ ಮರಳಿ ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಥಿನ್ನರ್ ಬಾಟಲಿಯನ್ನು ಒಳಗಿಟ್ಟಿದ್ದೇನೆ. ನಿನ್ನೆ ರಾತ್ರಿ ಭೂತಗನ್ನಡಿ ಹಿಡಿದು ಕುಳಿತೆ.

ಪಟ್ಟಿಯಿರುವ ಮಾದರಿಯ ಮೂತಿಯ ಬಲಬದಿಯಲ್ಲಿ ಉಬ್ಬು ಸ್ಪಷ್ಟವಾಗಿದೆ, ಪಟ್ಟಿಯಿಲ್ಲದ್ದರಲ್ಲಿ ಅದು ಇಲ್ಲ. ಪಟ್ಟಿಯಿರುವುದರ ಎಡರೆಕ್ಕೆಯ ತಳ ಕಪ್ಪಾಗಿಲ್ಲ, ಎರಡೂ ರೆಕ್ಕೆಗಳು ಒಂದೇ ತಿಳಿಹಸಿರು. ಪಟ್ಟಿಯ ಅಗಲ ಆರು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಸರಣಿ ಸಂಖ್ಯೆಯ ವಿಷಯದಲ್ಲಿ ಮಾತ್ರ ನಿರಾಶೆಯಾಯಿತು: ಎಡಬದಿಯಲ್ಲಿ ‘ಪಿ7’ ಎಂಬಷ್ಟು ಕಾಣುತ್ತದೆ, ಉಳಿದ ಅಂಕಿಗಳಿರಬೇಕಾದ ಜಾಗದಲ್ಲಿ ಪಟ್ಟಿ ಹಾದುಹೋಗಿದೆ. ಇದು ಮುದ್ರಣದ ದೋಷವಿರಬಹುದೇ?

ಹಳೆಯ ಹ್ಯಾಂಗರ್ ಉತ್ತರಿಸಿದ್ದು:

ದೋಷವಲ್ಲ! ನೀವು ಹೇಳಿದವುಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ವಿವರ ಇದೇ. ಸ್ಪಿಟ್‌ಫೈರ್‌ನ ಸರಣಿ ಸಂಖ್ಯೆ ಒಡಲಿನ ಹಿಂತುದಿಯಲ್ಲಿರುತ್ತಿತ್ತು. 18 ಅಂಗುಲದ ಹೊಸ ಪಟ್ಟಿಯನ್ನು ತರಾತುರಿಯಲ್ಲಿ ಬಳಿದಾಗ ಅದು ಸಂಖ್ಯೆಯ ಒಂದು ಭಾಗವನ್ನು, ಕೆಲವೊಮ್ಮೆ ಇಡೀ ಸಂಖ್ಯೆಯನ್ನೇ ಮುಚ್ಚಿಬಿಡುತ್ತಿತ್ತು. ನಿಮ್ಮ ಅಳತೆಯೂ ಸರಿಯಾಗಿದೆ: 18 ಅಂಗುಲ 1:72ರಲ್ಲಿ 6.35 ಮಿಲಿಮೀಟರ್. ಅಂದರೆ ಗುರುತುಗಳನ್ನು ರೂಪಿಸಿದವರು ಪಟ್ಟಿ ಬಂದ ನಂತರದ ಛಾಯಾಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಬಹಳ ನಿಷ್ಠೆಯಿಂದ ಕೆಲಸ ಮಾಡಿದ್ದಾರೆ ಎಂದು ನಾನು ಭಾವಿಸುತ್ತೇನೆ. ತಪ್ಪಿರುವುದು ಪರಿಚಯಪತ್ರದಲ್ಲಿ ಮಾತ್ರ, ಅದೂ ಎರಡು ಕಡೆ, ಏಕೆಂದರೆ ಪಿ7 ಎಂದು ಆರಂಭವಾಗುವ ಸಂಖ್ಯೆ ಮತ್ತು ಮೂತಿಯ ಉಬ್ಬು ಎರಡೂ ಸೇರಿ ಇದು ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯಲ್ಲಿ ತಯಾರಾದ ಮಾರ್ಕ್ 2 ಎಂದು ಹೇಳುತ್ತಿವೆ.

ಇನ್ನು ಕಾಲದ ವಿಷಯ. ಎಡರೆಕ್ಕೆಯ ತಳದ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಬಾಲದ ಪಟ್ಟಿಯ ಜೊತೆಗೇ, 1940ರ ನವೆಂಬರ್ ಕೊನೆಯಲ್ಲಿ, ಎಡರೆಕ್ಕೆಯ ತಳಕ್ಕೆ ಮತ್ತೆ ಕಪ್ಪು ಬಳಿಯುವ ಆದೇಶವೂ ಬಂದಿತ್ತು, ಅದನ್ನು 1941ರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡರು. ನಿಮ್ಮ ವಿಮಾನದಲ್ಲಿ ಪಟ್ಟಿಯಿದೆ, ಕಪ್ಪುರೆಕ್ಕೆ ಇಲ್ಲ. ಮೇಲ್ಭಾಗದಲ್ಲಿ ಇನ್ನೂ ಕಂದು ಬಣ್ಣವಿದೆ, ಅದರ ಜಾಗಕ್ಕೆ ಬೂದುಬಣ್ಣ ಬಂದದ್ದು 1941ರ ಆಗಸ್ಟ್‌ನಲ್ಲಿ. ಹಾಗಾಗಿ ಇದು 1941ರ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಅವಧಿಯ ವಿಮಾನವಾಗಿರುವ ಸಂಭವ ಹೆಚ್ಚು. ಕಪ್ಪು ಬಳಿಯುವುದನ್ನು ತಡಮಾಡಿದ ತುಕಡಿಯೊಂದರ ವಿಮಾನವೂ ಆಗಿರಬಹುದು, ಆದ್ದರಿಂದ ನಿಮ್ಮ ಬರಹದಲ್ಲಿ ‘ಬಹುಶಃ’ ಎಂಬ ಪದಕ್ಕೆ ಜಾಗವಿರಲಿ.

ಇದರಿಂದ ಆ ನಾಲ್ಕು ಸಾಲಿನ ಚರಿತ್ರೆಯೇ ಬದಲಾಗುತ್ತದೆ. ಆ ಬೇಸಿಗೆಯಲ್ಲಿ ಸ್ಪಿಟ್‌ಫೈರ್‌ಗಳು ತಮ್ಮ ನೆಲದ ಮೇಲೆ ಶತ್ರುವನ್ನು ತಡೆಯುವ ಕೆಲಸದಿಂದ ಮುಂದೆ ಸಾಗಿ, ಇಂಗ್ಲಿಷ್ ಕಾಲುವೆಯನ್ನು ದಾಟಿ ಉತ್ತರ ಫ್ರಾನ್ಸಿನ ಮೇಲೆ ಹಾರುತ್ತಿದ್ದವು. ಕೆಲವೇ ಬಾಂಬರ್‌ಗಳ ಸುತ್ತ ದೊಡ್ಡ ಸಂಖ್ಯೆಯ ಯುದ್ಧವಿಮಾನಗಳನ್ನು ಕಳುಹಿಸಿ ಜರ್ಮನ್ ವಿಮಾನಗಳನ್ನು ಕಾಳಗಕ್ಕೆಳೆಯುವ ಈ ಕಾರ್ಯಾಚರಣೆಗಳಿಗೆ ‘ಸರ್ಕಸ್’ ಎಂಬ ಹೆಸರಿತ್ತು, ಮೊದಲನೆಯದು ನಡೆದದ್ದು 1941ರ ಜನವರಿ 10ರಂದು. ಹಿಂದಿನ ವರ್ಷದ ಅನುಕೂಲಗಳೆಲ್ಲ ಈಗ ತಲೆಕೆಳಗಾಗಿದ್ದವು. 1940ರಲ್ಲಿ ವಿಮಾನ ಕಳೆದುಕೊಂಡು ಪ್ಯಾರಾಶೂಟ್‌ನಲ್ಲಿ ಇಳಿದ ಬ್ರಿಟಿಷ್ ಪೈಲಟ್ ಸಂಜೆಯೊಳಗೆ ತನ್ನ ಸ್ಕ್ವಾಡ್ರನ್‌ಗೆ ಮರಳಬಹುದಿತ್ತು, 1941ರಲ್ಲಿ ಅವನು ಇಳಿಯುತ್ತಿದ್ದದ್ದು ಸೆರೆಗೆ. ಹೆಸರಾಂತ ಬ್ರಿಟಿಷ್ ಪೈಲಟ್ ಡಗ್ಲಸ್ ಬೇಡರ್ ಸೆರೆಸಿಕ್ಕಿದ್ದೂ ಇಂತಹ ಹಾರಾಟವೊಂದರಲ್ಲೇ, 1941ರ ಆಗಸ್ಟ್ 9ರಂದು. ಕೇವಲ 85 ಗ್ಯಾಲನ್ ಇಂಧನದ ವಿಮಾನಕ್ಕೆ ಶತ್ರುನೆಲದ ಮೇಲೆ ನಿಂತು ಹೋರಾಡಲು ಸಿಗುತ್ತಿದ್ದ ಸಮಯ ಬಹಳ ಕಡಿಮೆ, ಹಿಂದಿರುಗುವ ದಾರಿಯಲ್ಲಿ ಸಮುದ್ರವಿತ್ತು. ಬ್ರಿಟನ್ ಕದನದಷ್ಟು ಹೆಸರಾಗದ ಈ ಅಧ್ಯಾಯದ ವಿಮಾನವೊಂದು ನಿಮ್ಮ ಕಪಾಟಿನಲ್ಲಿದೆ ಎಂಬುದೇ ನನಗೆ ಹೆಚ್ಚಿನ ಸಂಗತಿಯಾಗಿ ತೋರುತ್ತದೆ.

ಈಗ ಬಲಬದಿಯನ್ನು ನೋಡಿ. ಸಂಖ್ಯೆಯನ್ನು ಎರಡೂ ಬದಿಯಲ್ಲಿ ಎಡದಿಂದ ಬಲಕ್ಕೆ ಬರೆಯುತ್ತಿದ್ದರು. ಎಡಬದಿಯಲ್ಲಿ ಮೂತಿ ಎಡಕ್ಕಿರುವುದರಿಂದ ಬಾಲದ ಪಟ್ಟಿ ಕೊನೆಯ ಅಂಕಿಗಳನ್ನು ಮುಚ್ಚಿದೆ. ಬಲಬದಿಯಲ್ಲಿ ಮೂತಿ ಬಲಕ್ಕಿರುವುದರಿಂದ ಅದೇ ಪಟ್ಟಿ ಮೊದಲ ಅಕ್ಷರಗಳನ್ನು ಮುಚ್ಚಿ ಕೊನೆಯ ಅಂಕಿಗಳನ್ನು ಬಿಟ್ಟಿರಬೇಕು. ಮುದ್ರಿಸಿದವರು ಅಲ್ಲಿಯೂ ಇಷ್ಟೇ ನಿಷ್ಠೆ ತೋರಿಸಿದ್ದರೆ, ಎರಡೂ ಬದಿಯನ್ನು ಜೋಡಿಸಿದಾಗ ಪೂರ್ಣ ಸಂಖ್ಯೆ ಸಿಗುತ್ತದೆ. ವೃತ್ತಚಿಹ್ನೆಯ ಪಕ್ಕದ ಎರಡಕ್ಷರಗಳಿಂದ ಸ್ಕ್ವಾಡ್ರನ್ ಯಾವುದೆಂದು ತಿಳಿದುಕೊಂಡರೆ, ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಏರ್ 27’ ಎಂಬ ಸಂಗ್ರಹದಡಿ ಆ ಸ್ಕ್ವಾಡ್ರನ್‌ನ ದಿನಚರಿ ದಾಖಲೆಗಳಿವೆ. ಅವುಗಳಲ್ಲಿನ ಫಾರ್ಮ್ 541 ಎಂಬ ಹಾಳೆಗಳಲ್ಲಿ ಪ್ರತಿ ಹಾರಾಟಕ್ಕೂ ವಿಮಾನದ ಸಂಖ್ಯೆ, ಪೈಲಟ್‌ನ ಹೆಸರು, ಏರಿದ ಮತ್ತು ಇಳಿದ ಸಮಯ ನಮೂದಾಗಿರುತ್ತವೆ. ಆ ಅಂಕಿಗಳನ್ನೂ ಎರಡಕ್ಷರಗಳನ್ನೂ ಇಲ್ಲಿ ಬರೆಯಿರಿ, ಹುಡುಕಾಟದಲ್ಲಿ ನಾನೂ ಜೊತೆಗೂಡುತ್ತೇನೆ.

ಕಿರುರೆಕ್ಕೆ ಮರಳಿ ಬರೆದದ್ದು:

ಬಲಬದಿಯಲ್ಲಿ ಕೊನೆಯ ಮೂರು ಅಂಕಿಗಳೂ ಇವೆ, ಒಂದೂ ಮಸುಕಾಗಿಲ್ಲ. ಎರಡೂ ಬದಿಯ ಛಾಯಾಚಿತ್ರಗಳನ್ನು ನಾಳೆ ಹಗಲಿನ ಬೆಳಕಿನಲ್ಲಿ ತೆಗೆದು ಇಲ್ಲಿಗೆ ಸೇರಿಸುತ್ತೇನೆ. ಹಳೆಯ ಬರಹವನ್ನು ಕಪಾಟಿನಿಂದ ತೆಗೆದಿದ್ದೇನೆ. ಸದ್ಯಕ್ಕೆ ಅಲ್ಲಿ ಬರೆದಿಟ್ಟಿರುವುದು ಇಷ್ಟು: ‘ಸ್ಪಿಟ್‌ಫೈರ್ ಮಾರ್ಕ್ 2, ಬಹುಶಃ 1941ರ ಬೇಸಿಗೆ’. ಕೆಳಗೆ ಪೈಲಟ್‌ನ ಹೆಸರಿಗಾಗಿ ಒಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ.